ಸೀಟಿಗೂ ಚೀಲಕ್ಕೂ ನಡುವೆ ಒಂದು ಬೆರಳು

"ಕೇಳಿರಪ್ಪೋ, ಹಿರೇಬಾಣೆಯ ಪ್ರಜೆಗಳೇ! ರಾಜಕುಮಾರಿ ನೀಲಾಂಬೆಯವರ ಮೋಟಾರು ಬೈಕಿನ ಸೀಟು ಪಕ್ಕದಲ್ಲಿ ತೂಗುವ ಚೀಲಗಳನ್ನು ಉಜ್ಜಿ ಸವೆಸುತ್ತಿದೆ. ಅದನ್ನು ತಪ್ಪಿಸಲು ಬರುವವನು ಮೊದಲು ಮೂರು ಒಗಟು ಬಿಡಿಸಬೇಕು. ಬಿಡಿಸಿದವನಿಗೆ ಅರ್ಧ ರಾಜ್ಯ, ರಾಜಕುಮಾರಿ ಅಮ್ಮಣ್ಣಿಯವರು ಒಪ್ಪಿದರೆ ಮದುವೆ. ತಪ್ಪಿದವನ ತಲೆ ಹುಣ್ಣಿಮೆಯ ದಿನ ಉರುಳುತ್ತದೆ."

ಡಂಗುರದವನು ಹೀಗೆ ಸಾರಿಕೊಂಡು ಹೋದ. ಚೀಲಕ್ಕೊಂದು ತಲೆಯೇ ಎಂದು ನೀವು ಮೂಗು ಮುರಿಯಬಹುದು. ಆದರೆ ಆ ಜೋಡಿ ಚರ್ಮದ ಚೀಲಗಳನ್ನು ಕೈಯಾರೆ ಹೊಲಿದವಳು ತೀರಿಹೋದ ರಾಣಿ. ಮಗಳ ಪಾಲಿಗೆ ತಾಯಿಯ ಗುರುತಾಗಿ ಉಳಿದದ್ದು ಅವಷ್ಟೇ. ಅವುಗಳಲ್ಲಿ ಔಷಧಿ ತುಂಬಿಕೊಂಡು ನೀಲಾಂಬೆ ಗಡಿಯ ಹಳ್ಳಿಗಳಿಗೆ ಒಬ್ಬಳೇ ಹೋಗಿ ಒಬ್ಬಳೇ ಬರುತ್ತಿದ್ದಳು. ದಾರಿಯುದ್ದಕ್ಕೂ ಚರ್ಮಕ್ಕೆ ಚರ್ಮ ಉಜ್ಜುವ ಕಿರಕಿರ ಸದ್ದು. ಅರಮನೆಯ ಜಾಣರು ಮೊಳೆ ಹೊಡೆದು, ಗೋಂದು ಮೆತ್ತಿ ಚೀಲವನ್ನು ಇನ್ನಷ್ಟು ಕೆಡಿಸಿದ ಮೇಲೆ ಅವಳಿಗೆ ರೋಸಿಹೋಯಿತು. ತಿಳಿಯದವರು ಕೈ ಹಾಕದಿರಲೆಂದು ತಲೆಯ ಷರತ್ತನ್ನು ಅವಳೇ ಇಟ್ಟಳು.

ಸಭೆಗೆ ಮೂವರು ಬಂದರು. ನೆರೆರಾಜ್ಯದ ಯುವರಾಜ, ದಳವಾಯಿಯ ಮಗ, ಮತ್ತು ಊರಾಚೆ ಸೀಟು ಹೊಲಿಯುವ ಕೆಂಚೀರ. ಚೀಲ ಇನ್ನೊಂದು ಪ್ರಯಾಣ ತಾಳದೆಂದು ಅಂಗಡಿಯ ಮುಂದೆ ಹಾದುಹೋಗುವ ಬೈಕಿನ ಸದ್ದಿನಲ್ಲೇ ಅವನಿಗೆ ಗೊತ್ತಾಗಿತ್ತು. ಸುಮ್ಮನಿರಲಾರದೆ ಬಂದಿದ್ದ.

ನೀಲಾಂಬೆ ಕೇಳಿದಳು: "ಇಬ್ಬರು ನೆರೆಯವರು. ನಿಂತಾಗ ಸುಮ್ಮನಿರುತ್ತಾರೆ, ಹೊರಟರೆ ಒಬ್ಬರನ್ನೊಬ್ಬರು ತಿನ್ನುತ್ತಾರೆ. ಯಾರವರು?"

"ಸೀಟು ಮತ್ತು ಚೀಲ," ಎಂದರು ಮೂವರೂ. ಡಂಗುರದಲ್ಲೇ ಅರ್ಧ ಉತ್ತರವಿತ್ತಲ್ಲ.

"ಬೈಕು ನಿಂತಿರುವಾಗ ಆ ಇಬ್ಬರ ನಡುವೆ ಒಂದು ಬೆರಳು ತೂರುತ್ತದೆ. ದಾರಿ ಹಿಡಿದಾಗ ಕೂದಲೂ ತೂರುವುದಿಲ್ಲ. ಆ ಜಾಗ ಕದಿಯುವ ಕಳ್ಳರು ಯಾರು?"

"ಹದಗೆಟ್ಟ ರಸ್ತೆ," ಎಂದ ಯುವರಾಜ. ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು.

ಕೆಂಚೀರ ತಲೆ ತಗ್ಗಿಸಿ, "ನೀವೇ ಅಮ್ಮಣ್ಣಿ," ಎಂದ. "ಕೂತವರ ಭಾರಕ್ಕೆ ಸೀಟು ಎರಡೂ ಕಡೆ ಉಬ್ಬುತ್ತೆ. ಎಲ್ಲರೂ ಖಾಲಿ ಸೀಟನ್ನ ಅಳೀತಾರೆ, ಅದೇ ತಪ್ಪು. ನನ್ನ ಅಂಗಡೀಲಿ ಕೂರಿಸಿ ನೋಡೋಕೆ ಯಾರೂ ಇಲ್ಲ. ಮರಳಿನ ಮೂಟೆ ಕೂರಿಸಿ ಅಳತೆ ತಗೋತೀನಿ."

ನೀಲಾಂಬೆ ಅವನನ್ನು ಮೊದಲ ಬಾರಿಗೆ ನೆಟ್ಟಗೆ ನೋಡಿ, "ಸರಿ," ಎಂದಳು. ದಳವಾಯಿಯ ಮಗ ತಾನೂ ಅದನ್ನೇ ಹೇಳಬೇಕೆಂದಿದ್ದೆ ಎಂದು ಸದ್ಯಕ್ಕೆ ತಲೆ ಉಳಿಸಿಕೊಂಡ.

ಅವಳ ಮೂರನೆಯ ಒಗಟು: "ಆ ನೆರೆಯವರ ನಡುವೆ ಏನಿಟ್ಟರೆ ಸೀಟೂ ಸವೆಯದು, ಚೀಲವೂ ಸವೆಯದು, ಇಟ್ಟದ್ದೂ ಸವೆಯದು?"

"ರೇಷ್ಮೆಯ ಮೆತ್ತೆ," ಎಂದು ದಳವಾಯಿಯ ಮಗ ಮುನ್ನುಗ್ಗಿದ. ಅವನೂ ಯುವರಾಜನ ಜೊತೆ ಸೇರಿದ.

ಕೆಂಚೀರ ಹೇಳಿದ: "ಏನೂ ಇಡಬಾರದು, ಅಮ್ಮಣ್ಣಿ. ಮೆತ್ತೆ ಇಟ್ಟರೆ ಇದ್ದ ಜಾಗಾನೂ ಹೋಗುತ್ತೆ. ಚೀಲ ತೂಗೋ ಕಂಬಿಯ ಬೋಲ್ಟು ಬಿಚ್ಚಿ, ಸಣ್ಣ ಪೈಪಿನ ತುಂಡು ತೂರಿಸಿ ಕಂಬೀನ ಆಚೆಗೆ ತಳ್ಳಬೇಕು. ನೀವು ಕೂತ ಮೇಲೂ ಒಂದು ಬೆರಳು ಬಯಲು ಉಳೀಬೇಕು. ಬಯಲಿಗೆ ಸವೆತ ಇಲ್ಲ."

ಅವಳನ್ನು ಕೂರಿಸಿಯೇ ಅವನು ಅಳತೆ ತೆಗೆದ, ಪೈಪು ಕೊಯ್ದ, ಬೋಲ್ಟು ಬಿಗಿದ. ನೀಲಾಂಬೆ ಕೋಟೆಯನ್ನು ಒಂದು ಸುತ್ತು ಹಾಕಿ ಬಂದಳು. ಚೀಲ ಸೀಟಿಗೆ ಸೋಕಲೇ ಇಲ್ಲ. ಆದರೆ ಅವಳ ಮುಖ ಬಾಡಿತ್ತು. ಇಷ್ಟು ದಿನ ಆ ಕಿರಕಿರವಾದರೂ ಜೊತೆಗಿತ್ತು.

ರಾಜ ಅರ್ಧ ರಾಜ್ಯಕ್ಕೆ ಮುದ್ರೆ ಒತ್ತಿದ. ಕೆಂಚೀರ ಮೊದಲು ಸೆರೆಯಲ್ಲಿದ್ದ ಇಬ್ಬರ ತಲೆಗಳನ್ನು ಕೇಳಿ, ಹೆಗಲ ಮೇಲಿದ್ದಂತೆಯೇ ಮನೆಗೆ ಕಳಿಸಿದ. ಮದುವೆಯ ಮಾತೆತ್ತಲು ಅವನಿಗೆ ಬಾಯಿ ಬರಲಿಲ್ಲ. ಉಳಿ, ಸ್ಪ್ಯಾನರು ಗಂಟು ಕಟ್ಟತೊಡಗಿದ.

"ನಿನ್ನ ಅಳತೆ ಒಬ್ಬಳಿಗಾಯಿತು," ಎಂದಳು ಬೈಕಿನ ಮೇಲೇ ಕೂತಿದ್ದ ನೀಲಾಂಬೆ. "ಇಬ್ಬರು ಕೂತರೆ ಎಷ್ಟು ಜಾಗ ಬೇಕು?"

ಕೆಂಚೀರ ಕಟ್ಟುತ್ತಿದ್ದ ಗಂಟನ್ನು ಕೆಳಗಿಟ್ಟ.

"ಗೊತ್ತಿಲ್ಲ ಅಮ್ಮಣ್ಣಿ. ಕೂತು ನೋಡಬೇಕು."

ಅವಳು ಸೀಟಿನಲ್ಲಿ ಮುಂದಕ್ಕೆ ಸರಿದಳು.