ಗಾಳಿಯ ಮೇಲೆ ತಪ್ಪು ಹೊರಿಸದ ಹೊನ್ನೂರವ್ವ

ಮಗು ಕೆಡಿಸಿದ್ದನ್ನು ಹೆತ್ತವರ ಕೈ ಸರಿ ಮಾಡಬೇಕು. ಒಂದಾನೊಂದು ಕಾಲದಲ್ಲಿ, ಜನ ಕಡಿಮೆ ಕುರಿ ಜಾಸ್ತಿ ಇದ್ದ ಕಾಲದಲ್ಲಿ, ಕಂಚಿಹಟ್ಟಿ ಅನ್ನೋ ಊರಿನ ಕಟ್ಟೆಕಲ್ಲಿನ ಮೇಲೆ ಈ ಮಾತನ್ನು ಕೊರೆದಿಟ್ಟಿದ್ದರಂತೆ. ಊರ ಹಿರಿಯರು ದಿನಾ ಅದರ ಮೇಲೇ ಕೂತು ಎಲೆ ಅಡಿಕೆ ಹಾಕ್ಕೊಂಡು, ಬೆರಳಿಗೆ ಉಳಿದ ಸುಣ್ಣವನ್ನು ಆ ಅಕ್ಷರಗಳ ಸಂದಿಗೇ ಒರೆಸ್ತಿದ್ದರಂತೆ. ಅವರಿಗೆ ಓದೋಕೆ ಬರ್ತಿರಲಿಲ್ಲವಾ ಅಂತೀಯಾ? ಬರ್ತಿತ್ತು ಮಗಾ, ಎಲ್ಲರಿಗೂ ಬರ್ತಿತ್ತು. ಕಷ್ಟ ಇದ್ದದ್ದೇ ಅದು.

ಆ ಊರಲ್ಲಿ ಮಾಳಜ್ಜ ಅಂತ ಒಬ್ಬ ಮುದುಕ, ಕಂಬಳಿ ನೇಯೋನು. ಕಂಬಳಿ ಅಂದರೆ ಸುಮ್ಮನೆ ಆಗುತ್ತಾ? ಮೊದಲು ಬೀದಿಯುದ್ದಕ್ಕೂ ಗೂಟ ನೆಟ್ಟು, ಉಣ್ಣೆ ನೂಲನ್ನು ಬಿಗಿಯಾಗಿ ಹಾಸಬೇಕು, ಆಮೇಲೆ ಹುಣಸೆಬೀಜ ಅರೆದು ಕಾಯಿಸಿದ ಗಂಜಿ ಬಳೀಬೇಕು, ಆಮೇಲೆ ಅದು ಬಿಸಿಲಿಗೆ ಒಣಗಬೇಕು. ಒಣಗೋ ಮುಂಚೆ ಎಳೆ ಕಡಿದರೆ ಗಂಟು ಹಾಕಿ ಕೂಡಿಸಬಹುದು. ಒಣಗಿತೋ, ಅಷ್ಟೂ ಉಣ್ಣೆ ಕಸಕ್ಕೆ.

ಒಂದು ವರ್ಷ ಗೌಡರ ಮಗ ಟಗರಿನ ಮೇಲೆ ಕೂತು ಆ ನೂಲಿನ ಹಾಸಿನೊಳಗೇ ನುಗ್ಗಿದನಂತೆ. ಗೌಡರು ಕಟ್ಟೆಯ ಬೇವಿನ ಮರ ಮುಟ್ಟಿ ಆಣೆ ಇಟ್ಟು, ಗಾಳಿ ಮಾಡ್ತು, ಗಾಳಿ ಮಾಡ್ತು, ಗಾಳಿ ಮಾಡ್ತು ಅಂತ ಮೂರು ಸಲ ಅಂದು ಎದ್ದು ಹೋದರಂತೆ. ಗಾಳಿಗೆ ಅಪ್ಪ ಇಲ್ಲ ಅವ್ವ ಇಲ್ಲ, ಯಾರನ್ನ ಕೇಳೋದು? ಆಮೇಲೆ ಮಾರನೇ ವರ್ಷ ಶಾನುಭೋಗರ ಮಗನ ಗಾಳಿಪಟದ ದಾರ ಸಿಕ್ಕಿಕೊಂಡು ಹಾಸು ಹರೀತಂತೆ. ಅವರೂ ಗಾಳಿ ಅಂದರಂತೆ, ಅದರಲ್ಲಾದರೂ ಒಂಚೂರು ಗಾಳಿ ಇತ್ತು ಅನ್ನು. ಅದರ ಮಾರನೇ ವರ್ಷ ಶೆಟ್ಟರ ಮಗಳು ಚಕ್ರ ಉರುಳಿಸ್ಕೊಂಡು ಬಂದು ಬಿದ್ದಳಂತೆ. ಶೆಟ್ಟರು ಮರ ಮುಟ್ಟೋಕೂ ಏಳದೆ, ಕೂತಲ್ಲಿಂದಲೇ ಗಾಳಿ ಅಂದುಬಿಟ್ಟರಂತೆ. ಊರಿಗೆಲ್ಲ ಕಂಬಳಿ ಹೊದಿಸಿದ ಮುದುಕ ಮೂರು ಚಳಿಗಾಲ ಗೋಣಿಚೀಲ ಹೊದ್ದು ಮಲಗಿದನಂತೆ.

ನಾಲ್ಕನೇ ವರ್ಷ ಮಾಳಜ್ಜ ಮನೇಲಿ ಉಳಿದಿದ್ದ ಕೊನೇ ಉಣ್ಣೆಯನ್ನ ನೂತು ಬೀದಿಗೆ ಹಾಸಿದನಂತೆ. ಗೌಡರ ಕುರಿ ಕಾಯೋ ಹೊನ್ನೂರವ್ವನಿಗೆ ದುರುಗಿ ಅಂತ ಆರು ವರ್ಷದ ಮಗಳು. ಆವತ್ತು ಒಂದು ಮರಿ ತಪ್ಪಿಸ್ಕೊಂಡು ಓಡ್ತಂತೆ, ದುರುಗಿ ಹಿಂದೇ ಓಡಿ ಅದರ ಹಿಂಗಾಲು ಹಿಡಿದಳಂತೆ, ಆಮೇಲೆ ಮರಿಯೂ ಹುಡುಗಿಯೂ ಒಟ್ಟಿಗೇ ಹಾಸಿನ ಮೇಲೆ ದಬಕ್ಕನೆ! ಎಳೆಗಳು ಪಟಪಟ ಅಂತ ಕಡಿದುವಂತೆ. ಹುಡುಗಿಯ ತಲೆಯೆಲ್ಲ ಗಂಜಿ.

ಊರೆಲ್ಲ ಬಂದು ಸೇರಿತು. ಗೌಡರು ಮೆತ್ತಗೇ ಹೇಳಿದರಂತೆ, ಹೆದರಬೇಡ ಹೊನ್ನೂರವ್ವಾ, ಬಾ, ಮರ ಮುಟ್ಟು, ಮೂರು ಸಲ ಗಾಳಿ ಅನ್ನು, ಹೋಗು. ಗಂಡ ಕೆಂಚಪ್ಪ ಹಿಂದಿನಿಂದ ಮೊಣಕೈಯಲ್ಲಿ ತಿವಿದು, ಲೇ, ಅಂದುಬಿಡೇ, ಗಾಳಿ ಏನು ಬಂದು ಜಗಳ ಆಡುತ್ತಾ ಅಂದನಂತೆ.

ಸುಳ್ಳು ಹೇಳಬಾರದು ನೋಡು, ಆ ಮಾತು ಹೊನ್ನೂರವ್ವನ ನಾಲಿಗೆ ತುದಿಗೂ ಬಂದಿತ್ತಂತೆ. ಅಷ್ಟರಲ್ಲಿ ಕೆಳಗೆ ನೋಡಿದರೆ ದುರುಗಿ ಅವ್ವನ ಬಾಯನ್ನೇ ನೋಡ್ತಾ ನಿಂತಿದೆ. ನಾನು ಇವತ್ತು ಏನು ಅಂತೀನೋ ಈ ಕೂಸು ಬದುಕೆಲ್ಲ ಅದನ್ನೇ ಅನ್ನುತ್ತೆ ಅನ್ನಿಸಿತಂತೆ.

ಗಾಳಿ ಅಲ್ಲ ಗೌಡ್ರೇ, ನನ್ನ ಮಗಳು ಅಂದಳಂತೆ.

ಕಟ್ಟೆ ಮೇಲಿದ್ದೋರು ಎಲೆ ಅಡಿಕೆ ಉಗಿದು ಎದ್ದು ನಿಂತರು. ಇವಳೊಬ್ಬಳು ಒಪ್ಪಿಕೊಂಡರೆ ನಾಳೆ ಮೂರು ಮನೆ ಬಾಗಿಲಿಗೂ ಮಾತು ಬರುತ್ತಲ್ಲ! ಶಾನುಭೋಗರು ಅಂದರಂತೆ, ಹಾಗಾದ್ರೆ ಹುಡುಗೀಗೆ ನಾಲ್ಕು ಬಾರಿಸು, ಮುಗೀತು. ಹೊನ್ನೂರವ್ವ, ಏಟು ಕೊಟ್ರೆ ನೂಲು ಕೂಡುತ್ತಾ ಸ್ವಾಮೀ, ಅದು ಬೇಕಂತ ಕೆಡಿಸಲಿಲ್ಲ ಅಂದಳಂತೆ. ಶೆಟ್ಟರು ಅಂದರಂತೆ, ಮಕ್ಕಳು ಓಡಾಡೋ ಬೀದೀಲಿ ನೂಲು ಹಾಸಿದ್ದು ಮುದುಕನದೇ ತಪ್ಪು. ಶೆಟ್ರೇ, ನಿಮ್ಮ ಹೆಗಲ ಮೇಲಿರೋ ಕಂಬಳಿ ಯಾವ ಬೀದೀಲಿ ಹಾಸಿದ್ದು ಅಂತ ಕೇಳಿದಳಂತೆ.

ಗೌಡರ ಮುಖ ಕೆಂಪಾಯ್ತು. ಗಾಳಿ ಅಂತೀಯೋ, ನನ್ನ ಕುರಿ ಬಿಡ್ತೀಯೋ? ಅವಳ ಮನೆ ಒಲೆ ಉರೀತಿದ್ದದ್ದೇ ಆ ಕುರಿಯಿಂದ. ಕೆಂಚಪ್ಪ ಅಯ್ಯೋ ಅಂತ ತಲೆ ಮೇಲೆ ಕೈ ಇಟ್ಟ. ಹೊನ್ನೂರವ್ವ ಕುರಿ ಕಾಯೋ ಕೋಲನ್ನ ಆ ಕೊರೆದ ಅಕ್ಷರಗಳ ಮೇಲೆ ಇಟ್ಟು, ನೆಟ್ಟಗೆ ಹೋಗಿ ಹಾಸಿನ ಮುಂದೆ ಕೂತಳಂತೆ.

ಹರಿದ ಎಳೆಗಳು ಗಿಡ್ಡ ಆಗಿದ್ದವು, ಗಂಟಿಗೆ ಸಾಲವು. ಅವಳು ಹೊದ್ದಿದ್ದ ಕಂಬಳಿ ತೆಗೆದು ಅಂಚಿನಿಂದ ಎಳೆ ಎಳೆಯೋಕೆ ಶುರು ಮಾಡಿದಳಂತೆ. ಮಾಳಜ್ಜ ಓಡಿಬಂದು, ಬ್ಯಾಡ ಮಗಳೇ, ಅದು ನಿನ್ನ ಮದುವೆಗೆ ನಾನೇ ನೇಯ್ದದ್ದು, ಚಳೀಲಿ ಏನು ಹೊದೀತೀಯಾ ಅಂದನಂತೆ. ನೀನು ಮೂರು ವರ್ಷ ಏನು ಹೊದ್ದೆ ಅಜ್ಜಾ ಅಂತ ಕೇಳಿ ಮತ್ತೊಂದು ಎಳೆ ಎಳೆದಳಂತೆ. ದುರುಗಿ ಪಕ್ಕದಲ್ಲೇ ನಿಂತು, ಗಂಜಿ ಒಣಗದ ಹಾಗೆ ನೀರು ಚಿಮುಕಿಸ್ತಿತ್ತಂತೆ.

ಅತ್ತ ಗೌಡರು ಕೋಲು ಹಿಡಿದು ಹುರ್ರಾ, ಹುರ್ರಾ ಅಂತ ಕೂಗಿದರೆ ಒಂದು ಕುರಿಯೂ ಕಾಲು ಎತ್ತಲಿಲ್ಲವಂತೆ. ಎಲ್ಲ ಬಂದು ಹೊನ್ನೂರವ್ವನ ಸುತ್ತ ಮೆಲುಕು ಹಾಕ್ತಾ ಮಲಗಿದವಂತೆ.

ಹ್ಞಾಂ, ಆ ವರ್ಷ ಮಾಳಜ್ಜ ಬೆಚ್ಚಗೆ ಮಲಗಿದ ಮಗಾ. ಕುರಿ ಕಾಯೋಕೆ ಬೇರೆ ಯಾರೂ ಸಿಗದೆ ಗೌಡರೇ ಕೋಲನ್ನ ಅವಳ ಮನೆಗೆ ತಂದಿಟ್ಟರು. ಆದರೆ ಅದೆಲ್ಲ ಆಮೇಲಿಂದು. ಆವತ್ತು ಹೊತ್ತು ಇಳೀತಿತ್ತು, ಒಂದೇ ಒಂದು ಎಳೆ ಉಳಿದಿತ್ತು, ಗೌಡರು ತಲೆ ಮೇಲೆ ಬಂದು ನಿಂತು, ಕೊನೇ ಸಲ ಕೇಳ್ತೀನಿ, ಯಾರು ಮಾಡಿದ್ದು ಅಂದರಂತೆ. ಹೊನ್ನೂರವ್ವ ತಲೆ ಎತ್ತಲಿಲ್ಲ. ಹಲ್ಲಲ್ಲಿ ಕಚ್ಚಿದ್ದ ತನ್ನ ಕಂಬಳಿ ಎಳೆಯನ್ನ ಮುದುಕನ ಎಳೆಗೆ ಕೂಡಿಸಿ, ಕೆಡಿಸಿದ್ದು ನನ್ನ ಮಗಳು, ಸರಿ ಮಾಡೋದು ನಾನು ಅಂದು, ಗಂಟು ಬಿಗಿದಳಂತೆ.

ಗಂಟು ಬಿತ್ತು, ಕತೆ ಮುಗೀತು.