ನಾಯಿಧಾಮಕ್ಕೆ ಸಾಫ್ಟ್‌ವೇರ್ ಬಂದದ್ದು

ಬೀದಿನಾಯಿಗಳ ಆಶ್ರಯಧಾಮದ ಅಧ್ಯಕ್ಷ ಪದ್ಮರಾಜಯ್ಯನವರಿಗೆ ಎದುರು ರಸ್ತೆಯ ಬೆಕ್ಕುಧಾಮ ಕಂಡರೆ ಹೊಟ್ಟೆಯುರಿ. ಅಲ್ಲಿನ ವಿಮಲಾಬಾಯಿ ದೇಣಿಗೆ ಸಂಗ್ರಹಕ್ಕೆ ದುಬಾರಿ ಸಾಫ್ಟ್‌ವೇರ್ ಕೊಂಡರೆಂದು ಕೇಳಿದ್ದೇ ತಡ, ಗುಮಾಸ್ತೆ ಸುಗುಣಳನ್ನು ಕರೆದರು.

"ನಮಗೂ ಅದೇ ಕಂಪನಿದೇ ಬೇಕು. ಇವತ್ತೇ!"

ಅದನ್ನು ಕೊಂಡರೆ ನಾಯಿಗಳ ಅನ್ನಕ್ಕೇ ಕಲ್ಲು ಬೀಳುತ್ತದೆಂದು ಸುಗುಣಳಿಗೆ ಗೊತ್ತು. ಬೇಡವೆಂದರೆ ಅವರು ಕೇಳುವವರಲ್ಲ.

"ಆಗಲಿ ಸಾರ್. ಆದರೆ ಅದನ್ನು ಬಳಸೋದು ಈ ಊರಲ್ಲಿ ಗೊತ್ತಿರೋದು ವಿಮಲಾಬಾಯಿಯವರೊಬ್ಬರಿಗೇ. ತಾವು ದಿನಾ ಅವರ ಹತ್ತಿರ ಪಾಠಕ್ಕೆ ಹೋಗಬೇಕಾಗುತ್ತೆ."

"ಆಯಮ್ಮನಿಗೆ ನಾನು ಶಿಷ್ಯನಾ? ಬೇರೆ ಯಾವುದಿದೆ?"

ಸುಗುಣ ಮೊದಲೇ ನೋಡಿಟ್ಟಿದ್ದ ಅಗ್ಗದ್ದನ್ನು ತೋರಿಸಿದಳು.

"ಇದು ಅವರ ಹತ್ತಿರ ಇಲ್ಲ ತಾನೇ?"

"ಇಲ್ಲ ಸಾರ್. ಬೇಕಾದರೆ ಅವರೇ ತಮ್ಮ ಹತ್ತಿರ ಕಲಿಯೋಕೆ ಬರಬೇಕು."

ಅಧ್ಯಕ್ಷರು ಕೂತಲ್ಲೇ ಒಪ್ಪಿದರು. ವಿಮಲಾಬಾಯಿ ಬಂದರೆ ಕೂರಲೆಂದು ತಮ್ಮ ಮೇಜಿನೆದುರು ಗಿಡ್ಡ ಸ್ಟೂಲೊಂದನ್ನೂ ಹಾಕಿಸಿದರು.