ಖಡ್ಗ ಮತ್ತು ಪ್ಯಾರಾಚೂಟು

ಜಪಾನಿನ ನೌಕಾಪಡೆಯ ಪೈಲಟ್ ಸೆಕಿಯಾ ಪ್ಯಾರಾಚೂಟನ್ನು ಮೈಗೆ ಕಟ್ಟಿಕೊಳ್ಳದೆ, ಮೆತ್ತೆಯಂತೆ ಅದರ ಮೇಲೆ ಕೂತು ಯುದ್ಧಕ್ಕೆ ಹಾರಿದ. ಅವನಿಗೆ ಕಲಿಸಿದವರೂ ಹಾಗೆಯೇ ಕೂರುತ್ತಿದ್ದರು.

“ನನ್ನ ಪಟ್ಟಿ ಬಿಗಿದುಕೊಳ್ಳಲು ಹೇಳಯ್ಯ, ನಿನ್ನ ಮಾತಾದರೆ ಕೇಳುತ್ತಾನೆ,” ಎಂದು ಪ್ಯಾರಾಚೂಟು ಅವನ ಪಕ್ಕದ ಖಡ್ಗವನ್ನು ಬೇಡಿಕೊಂಡಿತು.

“ಥೂ, ಹೇಡಿ! ಶತ್ರುವಿಗೆ ಸೆರೆ ಸಿಕ್ಕುವುದಕ್ಕಿಂತ ಸಾವು ಲೇಸು.”

“ಯಾವ ಸೆರೆ? ಇವತ್ತು ಕಾಳಗ ನಮ್ಮ ನೆಲದ ಮೇಲೆಯೇ. ಕೆಳಗಿಳಿದರೆ ನಮ್ಮವರೇ ಇದ್ದಾರೆ.”

“ಇರಬಹುದು. ಆದರೂ ರೂಢಿ ರೂಢಿಯೇ,” ಎಂದಿತು ಖಡ್ಗ.

ಗುಂಡು ತಗುಲಿ ವಿಮಾನ ಎರಡು ಹೋಳಾಯಿತು. ಗಾಳಿ ಪ್ಯಾರಾಚೂಟನ್ನು ಹೊರಗೆಳೆದು ಅರಳಿಸಿತು. ಬಿಳಿ ಬಟ್ಟೆ ಕಂಡು ಊರಿನವರು “ಬದುಕಿದ, ಬದುಕಿದ!” ಎನ್ನುತ್ತ ಗದ್ದೆಗೆ ಓಡಿದರು. ಮೊದಲು ತಲುಪಿದ ಮುದುಕಿ ಬಟ್ಟೆ ಸರಿಸಿ, “ಎಲ್ಲಿದ್ದೀಯಪ್ಪಾ?” ಎಂದಳು.

“ಕ್ಷಮಿಸು ತಾಯಿ,” ಎಂದಿತು ಪ್ಯಾರಾಚೂಟು, “ನಾನು ಮಾತ್ರ ಬಂದೆ.”